ಅಡ್ಮಿನ್ ಊರಲ್ಲಿಲ್ಲ

ದಕ್ಷಿಣ ಕನ್ನಡದ ಉಜಿರೆಯಿಂದ ಚಾರ್ಮಾಡಿಯ ಕಡೆಗೆ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಹೊರಟರೆ ಸ್ವಲ್ಪ ಹೊತ್ತಿಗೆ ಸೋಮಂತಡ್ಕ ಬರುತ್ತದೆ. ಮುಂಡಾಜೆಯ ಪೇಟೆ ಅದೇ. ಸುತ್ತ ಅಡಿಕೆ ತೋಟ, ಆಚೆ ಪಶ್ಚಿಮ ಘಟ್ಟದ ಸಾಲು. ಇಲ್ಲಿಯ ಮಕ್ಕಳಲ್ಲಿ ಎಂಜಿನಿಯರಿಂಗ್ ಓದುವವರಿಗೆ ಉಜಿರೆಯಲ್ಲೂ ಮೂಡುಬಿದಿರೆಯ ಹತ್ತಿರದ ಮಿಜಾರಿನಲ್ಲೂ ಕಾಲೇಜುಗಳಿವೆ. ಓದು ಮುಗಿದ ಮೇಲೆ ಹೆಚ್ಚಿನವರ ದಾರಿ ಬೆಂಗಳೂರಿಗೆ.

ಇಂಥ ಊರಿನಲ್ಲಿ ನಡೆಯಬಹುದಾದ ಸಂಗತಿಯೊಂದನ್ನು ಊಹಿಸಿಕೊಳ್ಳಿ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಊರ ಯುವಕ ಮಂಡಲಕ್ಕೆಂದು ಒಂದು ಆ್ಯಪ್ ಮಾಡುತ್ತಾಳೆ. ಅದರಲ್ಲಿ ರಕ್ತದಾನಿಗಳ ಪಟ್ಟಿ, ಅಡಿಕೆ ಧಾರಣೆ, ಶಾಲಾ ವಾರ್ಷಿಕೋತ್ಸವದ ಚಿತ್ರಗಳು, ಯಾರ ತೋಟದಲ್ಲಿ ಕೊಯ್ಲಿಗೆ ಜನ ಬೇಕು ಎಂಬ ಸೂಚನೆ. ಎರಡು ವರ್ಷ ಊರೇ ಬಳಸುತ್ತದೆ. ಆಮೇಲೆ ಆಕೆಗೆ ಬೆಂಗಳೂರಿನಲ್ಲಿ ಕೆಲಸ, ಹೊಸ ಫೋನು, ಹೊಸ ನಂಬರು. ಒಂದು ದಿನ ಆ್ಯಪ್ ತೆರೆದವರಿಗೆ ಖಾಲಿ ಪರದೆ ಕಾಣುತ್ತದೆ. ಮಂಡಲದವರು ಕರೆ ಮಾಡುತ್ತಾರೆ, ಆಕೆ ಲಾಗಿನ್ ಆಗಲು ಕೂರುತ್ತಾಳೆ. ಪಾಸ್‌ವರ್ಡ್ ನೆನಪಿದೆ. ಆದರೆ ಪರದೆ ಆರು ಅಂಕಿಯ ಕೋಡ್ ಕೇಳುತ್ತದೆ; ಆ ಕೋಡ್ ಕೊಡುತ್ತಿದ್ದ ಹಳೆಯ ಫೋನು ಮಳೆಗಾಲದಲ್ಲಿ ನೀರು ಕುಡಿದು ಎಂದೋ ಸತ್ತಿದೆ. ಹೆಸರು ಆಕೆಯದು, ಆ್ಯಪಿನ ಪ್ರತಿ ಸಾಲೂ ಆಕೆ ಬರೆದದ್ದು, ಆದರೂ ಒಳಗೆ ಹೋಗಲು ದಾರಿಯಿಲ್ಲ.

ಪ್ರಸಂಗ ಕಲ್ಪಿತ. ಅದರ ಒಂದೊಂದು ತುಣುಕೂ ದಿನನಿತ್ಯ ಎಲ್ಲೋ ಒಂದು ಕಡೆ ನಡೆಯುವಂಥದ್ದೇ. ಎಲ್ಲಿ ತಪ್ಪಿತು ಎಂದು ತಿಳಿಯಬೇಕಾದರೆ ಕ್ಲೌಡ್ ಎಂಬ ವ್ಯವಸ್ಥೆ ಮನುಷ್ಯರನ್ನು ಹೇಗೆ ಗುರುತಿಸುತ್ತದೆ ಎಂಬುದನ್ನು ನೋಡಬೇಕು.

ಆ ಆ್ಯಪಿನ ದತ್ತಾಂಶ ಇರುವುದು ಮುಂಡಾಜೆಯಲ್ಲಲ್ಲ, ಬಹುಶಃ ಮುಂಬಯಿಯಲ್ಲಿ. ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಅಲ್ಲಿ ತಮ್ಮ ಕ್ಲೌಡ್ ಕೇಂದ್ರಗಳನ್ನು ತೆರೆದವು. ಅಲ್ಲಿನ ಯಂತ್ರಗಳಿಗೆ ಯಾರ ಮುಖವೂ ಗೊತ್ತಿಲ್ಲ. ಅವುಗಳಿಗೆ ಗೊತ್ತಿರುವುದು ಖಾತೆ ತೆರೆದ ದಿನ ಬರೆದಿಟ್ಟುಕೊಂಡ ಕೆಲವು ಕುರುಹುಗಳು ಮಾತ್ರ.

ಮೊದಲ ಕುರುಹು ಪಾಸ್‌ವರ್ಡ್. ಸರಿಯಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಕಂಪನಿಯ ಬಳಿಯೂ ಪಾಸ್‌ವರ್ಡ್ ಇರುವುದಿಲ್ಲ. ಅದನ್ನು ಹ್ಯಾಶ್ ಎಂಬ ಗಣಿತಕ್ರಿಯೆಯಲ್ಲಿ ಹಾಯಿಸಿ, ಹೊರಬಂದ ಅಕ್ಷರ ಸರಣಿಯನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಪಾಸ್‌ವರ್ಡಿನಿಂದ ಹ್ಯಾಶ್ ತೆಗೆಯುವುದು ಕ್ಷಣದ ಕೆಲಸ, ಹ್ಯಾಶಿನಿಂದ ಪಾಸ್‌ವರ್ಡ್ ಹಿಂಪಡೆಯಲು ನೇರ ದಾರಿಯಿಲ್ಲ. ಆದ್ದರಿಂದ ‘ನನ್ನ ಪಾಸ್‌ವರ್ಡ್ ಏನೆಂದು ಹೇಳಿ’ ಎಂದು ಎಷ್ಟು ಅಂಗಲಾಚಿದರೂ ಸಹಾಯವಾಣಿಯವರು ಹೇಳಲಾರರು. ಅವರು ಮಾಡಬಹುದಾದದ್ದು ಹೊಸ ಪಾಸ್‌ವರ್ಡ್ ಇಡಲು ಬಿಡುವುದನ್ನು ಮಾತ್ರ.

ಎರಡನೆಯದು ಆ ಆರು ಅಂಕಿ. ಇದರ ಹಿಂದಿನ ವಿಧಾನ 2011ರಲ್ಲಿ ಮಾನಕವಾಗಿ ಪ್ರಕಟವಾಯಿತು, ಹೆಸರು ಟಿಒಟಿಪಿ. ಖಾತೆಗೆ ಮೊದಲ ಸಲ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವಾಗ ಒಂದು ರಹಸ್ಯ ಸಂಖ್ಯೆ ಫೋನಿಗೆ ಇಳಿಯುತ್ತದೆ. ಅದರ ಪ್ರತಿ ಸರ್ವರಿನಲ್ಲೂ ಇರುತ್ತದೆ. ಆಮೇಲೆ ಎರಡೂ ಕಡೆ ಅದೇ ರಹಸ್ಯವನ್ನೂ ಆ ಹೊತ್ತಿನ ಗಡಿಯಾರವನ್ನೂ ಬೆರೆಸಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಸಂಖ್ಯೆ ತೆಗೆಯುತ್ತವೆ. ಎರಡೂ ತಾಳೆಯಾದರೆ ಬಾಗಿಲು ತೆರೆಯುತ್ತದೆ. ಘಟ್ಟದ ಬುಡದ ಊರುಗಳಿಗೆ ಇದರಲ್ಲೊಂದು ದೊಡ್ಡ ಅನುಕೂಲವಿದೆ: ಫೋನಿಗೆ ಸಿಗ್ನಲ್ ಬೇಕಾಗಿಲ್ಲ. ಎಸ್‌ಎಂಎಸ್‌ನಲ್ಲಿ ಬರಬೇಕಾದ ಒಟಿಪಿಗಾಗಿ ಗುಡ್ಡ ಹತ್ತಬೇಕಾದ ಕಡೆಯೂ ಈ ಲೆಕ್ಕ ಮಾಡುವ ಆಥೆಂಟಿಕೇಟರ್ ಆ್ಯಪ್ ಕೋಡ್ ತೋರಿಸುತ್ತದೆ. ತೊಡಕು ಇಷ್ಟೇ: ರಹಸ್ಯ ಫೋನಿನೊಳಗಿದೆ, ಫೋನು ಹೋದರೆ ರಹಸ್ಯವೂ ಹೋಯಿತು. ಗೂಗಲ್ ತನ್ನ ಆಥೆಂಟಿಕೇಟರಿಗೆ ಈ ರಹಸ್ಯಗಳನ್ನು ಖಾತೆಯಲ್ಲೇ ಕಾಪಿಡುವ ಸೌಲಭ್ಯ ಕೊಟ್ಟದ್ದು 2023ರ ಏಪ್ರಿಲಿನಲ್ಲಿ. ಅದಕ್ಕೆ ಮೊದಲು ಫೋನು ಕಳೆದುಕೊಂಡವರಲ್ಲಿ ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದಿಟ್ಟವರೇ ಹೆಚ್ಚಾಗಿ ಪಾರಾದವರು.

ಮೂರನೆಯ ಕುರುಹು ಮೊಬೈಲ್ ನಂಬರು. ಭಾರತದಲ್ಲಿ ಅದರ ಆಯುಷ್ಯ ಜನ ತಿಳಿದುಕೊಂಡಷ್ಟು ಗಟ್ಟಿಯಲ್ಲ. ಬಳಕೆಯಿಲ್ಲದೆ ನಿಷ್ಕ್ರಿಯವಾದ ನಂಬರನ್ನು 90 ದಿನಗಳವರೆಗೆ ಬೇರೆಯವರಿಗೆ ಕೊಡುವುದಿಲ್ಲ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಆ ಅವಧಿ ದಾಟಿದರೆ ನಂಬರು ಯಾರೋ ಅಪರಿಚಿತರ ಜೇಬಿಗೆ ಹೋಗಬಹುದು, ಅದರ ಹಿಂದೆ ಒಟಿಪಿಯೂ. ಕಾಲೇಜು ಕಾಲದ ಸಿಮ್ಮಿಗೆ ರೀಚಾರ್ಜ್ ಮಾಡದೆ ಬಿಟ್ಟವರು ಒಂದು ಕೀಲಿಯನ್ನು ಬೀದಿಯಲ್ಲಿ ಬಿಟ್ಟಂತಾಯಿತು.

ಇಮೇಲ್‌ ಕಥೆಯೂ ಬೇರೆಯಲ್ಲ. ಡೆವಲಪರ್ ಖಾತೆಯನ್ನು ಕಾಲೇಜಿನ ಇಮೇಲ್‌ನಲ್ಲಿ ತೆರೆಯುವ ಆಸೆ ಸಹಜ, ಏಕೆಂದರೆ ಹಾಗೆ ತೆರೆದರೆ ಉಚಿತ ಸವಲತ್ತು ಸಿಗುತ್ತದೆ. ಮೈಕ್ರೊಸಾಫ್ಟಿನ ‘ಅಜೂರ್ ಫಾರ್ ಸ್ಟೂಡೆಂಟ್ಸ್’ 12 ತಿಂಗಳಿಗೆ 100 ಡಾಲರ್ ಮೌಲ್ಯದ ಬಳಕೆಯನ್ನು ಕ್ರೆಡಿಟ್ ಕಾರ್ಡ್ ಕೇಳದೆಯೇ ಕೊಡುತ್ತದೆ. ಹಳ್ಳಿಯ ಮಕ್ಕಳಿಗೆ ಇದು ನಿಜವಾದ ವರ, ಅನುಮಾನವಿಲ್ಲ. ಆದರೆ ಪದವಿ ಮುಗಿದ ಮೇಲೆ ಕಾಲೇಜಿನ ಇಮೇಲ್ ಮುಚ್ಚಿಹೋಗುವುದು ಸಾಮಾನ್ಯ. ಕಾರ್ಡು ಇಲ್ಲದ್ದರಿಂದ ಹಣ ಕಟ್ಟಿದ ದಾಖಲೆಯೂ ಇಲ್ಲ. ಖಾತೆ ತನ್ನದೆಂದು ಸಾಬೀತು ಮಾಡುವಾಗ ಹಳೆಯ ಬಿಲ್ಲು ಬಲವಾದ ಸಾಕ್ಷಿ. ಉಚಿತ ಖಾತೆಗೆ ಆ ಸಾಕ್ಷಿಯೇ ಇರುವುದಿಲ್ಲ.

ಇಷ್ಟರ ಮೇಲೆ ಗಡಿಯಾರ ಓಡುತ್ತಿರುತ್ತದೆ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವುದಾಗಿ ಗೂಗಲ್ 2023ರ ಮೇ ತಿಂಗಳಲ್ಲಿ ಪ್ರಕಟಿಸಿತು, ಆ ವರ್ಷದ ಡಿಸೆಂಬರಿನಿಂದ ಅಳಿಸಲಾರಂಭಿಸಿತು. ಮುಚ್ಚಲು ಗುರುತು ಹಾಕಿದ ಗೂಗಲ್ ಕ್ಲೌಡ್ ಪ್ರಾಜೆಕ್ಟನ್ನು ವಾಪಸು ತರಲು ಇರುವ ಅವಕಾಶ 30 ದಿನ. ಮೈಕ್ರೊಸಾಫ್ಟಿನ ಬಳಕೆದಾರರ ಗುರುತು ನೋಡಿಕೊಳ್ಳುವ ಎಂಟ್ರಾ ಸೇವೆಯಲ್ಲಿ ಅಳಿಸಿದ ಬಳಕೆದಾರನಿಗೂ ಅಷ್ಟೇ. ಅಮೆಜಾನ್ ವೆಬ್ ಸರ್ವಿಸಸ್‌ನಲ್ಲಿ ಮುಚ್ಚಿದ ಖಾತೆಗೆ 90 ದಿನ. ಪ್ರಯೋಗಕ್ಕೆಂದು ಕೊಡುವ ಮೈಕ್ರೊಸಾಫ್ಟ್ 365ರ ಡೆವಲಪರ್ ಸ್ಯಾಂಡ್‌ಬಾಕ್ಸ್ ಅವಧಿಯೂ 90 ದಿನ. ಒಳಗೆ ನಿಜಕ್ಕೂ ಅಭಿವೃದ್ಧಿ ಕೆಲಸ ನಡೆಯುತ್ತಿದೆ ಎಂದು ಕಂಡರೆ ಮಾತ್ರ ಅದು ನವೀಕರಣವಾಗುತ್ತಿತ್ತು. ಹೊಸಬರಿಗೆ ಮುಕ್ತವಾಗಿದ್ದ ಆ ಸ್ಯಾಂಡ್‌ಬಾಕ್ಸನ್ನು 2024ರಲ್ಲಿ ಬಹುಮಟ್ಟಿಗೆ ವಿಷುಯಲ್ ಸ್ಟುಡಿಯೊ ಚಂದಾದಾರರಿಗೆ ಸೀಮಿತಗೊಳಿಸಿದರು. ಕಳೆದುಕೊಂಡದ್ದನ್ನು ಬಿಟ್ಟು ಹೊಸದು ತೆರೆಯೋಣ ಎಂಬ ದಾರಿಯೂ ಹಲವರಿಗೆ ಆಗ ಮುಚ್ಚಿತು.

ಹಾಗಾದರೆ ಕಂಪನಿಯವರು ಒಬ್ಬ ಮನುಷ್ಯನನ್ನು ಕೂರಿಸಿ, ಆಧಾರ್ ಕಾರ್ಡು ನೋಡಿ, ಬೀಗ ತೆಗೆದುಕೊಡಬಾರದೇ? ಸೋತು ಕುಳಿತವರೆಲ್ಲ ಕೇಳುವ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆಯೂ ಹೌದು. ಉತ್ತರ 2012ರ ಆಗಸ್ಟಿನ ಒಂದು ಘಟನೆಯಲ್ಲಿದೆ. ಅಮೆರಿಕದ ವೈರ್ಡ್ ಪತ್ರಿಕೆಯ ಬರಹಗಾರ ಮ್ಯಾಟ್ ಹೋನನ್ ಅವರ ಖಾತೆಗಳಿಗೆ ನುಗ್ಗಿದವರು ಯಾವ ಸಂಕೇತವನ್ನೂ ಭೇದಿಸಲಿಲ್ಲ, ಫೋನ್ ಮಾಡಿದರು. ಅಮೆಜಾನ್ ಸಹಾಯವಾಣಿಯನ್ನು ಮಾತಿನಲ್ಲಿ ಮರುಳು ಮಾಡಿ ಖಾತೆಯೊಳಗೆ ಹೊಕ್ಕು, ಅಲ್ಲಿ ಕಂಡ ಕಾರ್ಡಿನ ಕೊನೆಯ ನಾಲ್ಕು ಅಂಕಿಗಳನ್ನು ಆ್ಯಪಲ್ ಸಹಾಯವಾಣಿಗೆ ಹೇಳಿದರು. ಆ್ಯಪಲ್‌ಗೆ ಆ ನಾಲ್ಕು ಅಂಕಿ ಮತ್ತು ವಿಳಾಸವೇ ಗುರುತಾಗಿ ಸಾಕಿತ್ತು. ಸ್ವಲ್ಪ ಹೊತ್ತಿನಲ್ಲೇ ಹೋನನ್ ಅವರ ಫೋನು, ಟ್ಯಾಬು, ಲ್ಯಾಪ್‌ಟಾಪ್ ಮೂರೂ ಬರಿದಾದವು. ಅವುಗಳಲ್ಲಿ ಅವರ ಪುಟ್ಟ ಮಗಳ ಫೋಟೊಗಳಿದ್ದವು.

ಎರಡು ವರ್ಷದ ನಂತರ, 2014ರ ಜೂನಿನಲ್ಲಿ, ಕೋಡ್ ಸ್ಪೇಸಸ್ ಎಂಬ ಕಂಪನಿಯ ಅಮೆಜಾನ್ ನಿಯಂತ್ರಣ ಫಲಕ ಒಬ್ಬ ಸುಲಿಗೆಗಾರನ ಕೈಸೇರಿತು. ಕಂಪನಿಯವರು ಪಾಸ್‌ವರ್ಡ್ ಬದಲಾಯಿಸಿ ಅಧಿಕಾರ ಕಿತ್ತುಕೊಳ್ಳಲು ಹೊರಟಾಗ, ಆತ ಮೊದಲೇ ಮಾಡಿಟ್ಟುಕೊಂಡಿದ್ದ ಇತರ ಲಾಗಿನ್‌ಗಳ ಮೂಲಕ ದತ್ತಾಂಶವನ್ನೂ ಬ್ಯಾಕಪ್ಪುಗಳನ್ನೂ ಅಳಿಸುತ್ತ ಹೋದ. ಕಂಪನಿ ಬಾಗಿಲು ಹಾಕಿತು. ಬ್ಯಾಕಪ್ ಕೂಡ ಅದೇ ಖಾತೆಯ ಕೈಯೊಳಗಿದ್ದದ್ದು ಅದರ ಸಾವಿಗೆ ಕಾರಣ.

ಸಹಾಯವಾಣಿ ಇಂದು ಬಿಗಿಯಾಗಿರುವುದು, ತಿಂಗಳುಗಟ್ಟಲೆ ಸತಾಯಿಸುವಂತೆ ಕಾಣುವುದು ಈ ಕಾರಣಕ್ಕೆ. ಮೈಕ್ರೊಸಾಫ್ಟಿನಲ್ಲಿ ಗ್ಲೋಬಲ್ ಅಡ್ಮಿನ್, ಅಂದರೆ ಖಾತೆಯ ಪೂರ್ಣ ಅಧಿಕಾರ ಇರುವವರು, ತನ್ನ ಎರಡನೆಯ ಕುರುಹನ್ನು ಕಳೆದುಕೊಂಡರೆ ಸಾಮಾನ್ಯ ಸಹಾಯ ಸಿಬ್ಬಂದಿ ಅದನ್ನು ಮುಟ್ಟುವುದಿಲ್ಲ; ದೂರು ಡೇಟಾ ಪ್ರೊಟೆಕ್ಷನ್ ಎಂಬ ಪ್ರತ್ಯೇಕ ತಂಡಕ್ಕೆ ಹೋಗುತ್ತದೆ. ಅಮೆಜಾನಿನಲ್ಲಿ ಕೋಡ್ ಕೊಡುವ ಸಾಧನ ಕಳೆದ ರೂಟ್ ಬಳಕೆದಾರ, ನೋಂದಾಯಿತ ಇಮೇಲ್ ಮತ್ತು ನೋಂದಾಯಿತ ಫೋನು ಎರಡೂ ತನ್ನ ಬಳಿ ಇವೆಯೆಂದು ತೋರಿಸಬೇಕು. ಈ ಬಿಗಿ ಸರಿಯಾದದ್ದೇ. ಊರಿನ ರಕ್ತದಾನಿಗಳ ಹೆಸರು, ನಂಬರು ಇರುವ ಪಟ್ಟಿಯನ್ನು ‘ನಾನೇ ಆಕೆ’ ಎಂದು ದಬಾಯಿಸಿದ ಯಾರಿಗೋ ಕೊಟ್ಟುಬಿಟ್ಟರೆ ಅದಕ್ಕಿಂತ ಖಾಲಿ ಪರದೆ ವಾಸಿ.

ಈ ಬಿಕ್ಕಟ್ಟಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಲ್ಲುವ ಸಾಕ್ಷಿ ಸ್ವಂತ ಡೊಮೇನ್, ಅಂದರೆ ಸಂಸ್ಥೆಯ ಸ್ವಂತ ಜಾಲ ವಿಳಾಸ. ಕಂಪನಿ ಒಂದು ವಿಶಿಷ್ಟ ಅಕ್ಷರ ಸರಣಿ ಕೊಟ್ಟು, ‘ಇದನ್ನು ನಿಮ್ಮ ಡಿಎನ್‌ಎಸ್ ದಾಖಲೆಯಲ್ಲಿ ಸೇರಿಸಿ’ ಎನ್ನುತ್ತದೆ. ಡಿಎನ್‌ಎಸ್ ಎಂದರೆ ವಿಳಾಸಗಳನ್ನು ಯಂತ್ರಗಳಿಗೆ ಜೋಡಿಸುವ ಜಾಗತಿಕ ಸಾರ್ವಜನಿಕ ದಫ್ತರ. ಅಲ್ಲಿ ಬರೆಯಬಲ್ಲವರು ಆ ವಿಳಾಸದ ಹಿಡಿತ ಇರುವವರು ಮಾತ್ರ. ಓದಬಲ್ಲವರು ಜಗತ್ತಿನ ಎಲ್ಲರೂ. ಸರಣಿ ಅಲ್ಲಿ ಕಂಡುಬಂದರೆ ಅರ್ಜಿದಾರನಿಗೆ ಆ ವಿಳಾಸದ ಮೇಲೆ ಹಿಡಿತವಿದೆ ಎಂದು ಖಚಿತವಾಗುತ್ತದೆ. ಗೂಗಲ್ ವರ್ಕ್‌ಸ್ಪೇಸಿನ ಅಡ್ಮಿನ್ ಅಧಿಕಾರ ಮರಳಿ ಪಡೆಯುವಾಗ ಇದೇ ಪರೀಕ್ಷೆ. ಮೈಕ್ರೊಸಾಫ್ಟ್ ಎಂಟ್ರಾದಲ್ಲಿ ಅಡ್ಮಿನ್ ಇಲ್ಲದೆಯೇ ಹುಟ್ಟಿಕೊಂಡ ಟೆನೆಂಟುಗಳನ್ನು, ಅಂದರೆ ಸಂಸ್ಥೆಯ ಹೆಸರಿನ ಖಾತೆಗಳನ್ನು, ಸಂಸ್ಥೆ ತನ್ನ ಕೈಗೆ ತೆಗೆದುಕೊಳ್ಳುವುದೂ ಇದೇ ದಾರಿಯಲ್ಲಿ. ಡೆವಲಪರ್ ಸ್ಯಾಂಡ್‌ಬಾಕ್ಸುಗಳು ದುರ್ಬಲವಾಗುವುದು ಇಲ್ಲಿಯೇ. ಅವುಗಳ ವಿಳಾಸ ‘ಆನ್‌ಮೈಕ್ರೊಸಾಫ್ಟ್ ಡಾಟ್ ಕಾಮ್’ ಎಂದು ಮುಗಿಯುತ್ತದೆ. ಆ ಡೊಮೇನ್ ಮೈಕ್ರೊಸಾಫ್ಟಿನದು, ಬಳಕೆದಾರ ಅದರ ಡಿಎನ್‌ಎಸ್‌ನಲ್ಲಿ ಒಂದಕ್ಷರವನ್ನೂ ಬರೆಯಲಾರ. ಹೊರಗಿನಿಂದ ತರಬಹುದಾದ ಸಾಕ್ಷಿ ಅಲ್ಲಿ ಏನೂ ಉಳಿಯುವುದಿಲ್ಲ.

ಅಧಿಕಾರ ಮರಳಿ ಸಿಗದಿದ್ದರೂ ಒಳಗಿನ ವಿಷಯ ಉಳಿಯಬಹುದೇ ಎಂಬುದು ಬೇರೆಯೇ ಪ್ರಶ್ನೆ. ಇದಕ್ಕೆ ಮುಂಡಾಜೆಯಿಂದ ದೂರವಲ್ಲದ ಮೂಡುಬಿದಿರೆಯಲ್ಲೊಂದು ದೊಡ್ಡ ಉದಾಹರಣೆ ಇದೆ. ದಿಗಂಬರ ಜೈನರ ಅತಿ ಪ್ರಾಚೀನ ಆಗಮವಾದ ಷಟ್‌ಖಂಡಾಗಮ, ಅದಕ್ಕೆ ವೀರಸೇನಾಚಾರ್ಯರು ಬರೆದ ಧವಳಾ ಟೀಕೆ, ಇವುಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಲಿಪಿ ಹಳೆಗನ್ನಡ. ಭಕ್ತರಿಗೆ ದರ್ಶನವಿತ್ತು, ಓದು ದುರ್ಲಭವಾಗಿತ್ತು. 1896ರ ಹೊತ್ತಿಗೆ ಪ್ರತಿ ಎತ್ತುವ ಕೆಲಸ ಆರಂಭವಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ನಡೆಯಿತು. ಲಿಪಿಕಾರರಲ್ಲೊಬ್ಬರು ಗುಟ್ಟಾಗಿ ಮಾಡಿಕೊಂಡ ಇನ್ನೊಂದು ಪ್ರತಿ ಉತ್ತರ ಭಾರತದ ಸಹಾರನ್‌ಪುರಕ್ಕೆ ಹೋಯಿತು. ಆ ಮೂಲಕ ಹಬ್ಬಿದ ಪ್ರತಿಗಳನ್ನು ಆಧರಿಸಿ ವಿದ್ವಾಂಸ ಹೀರಾಲಾಲ್ ಜೈನ್ 1939ರಲ್ಲಿ ಅಮರಾವತಿಯಿಂದ ಮೊದಲ ಸಂಪುಟ ಪ್ರಕಟಿಸಿದರು. ಗುಟ್ಟಿನ ಪ್ರತಿಯ ನ್ಯಾಯಾನ್ಯಾಯ ಏನೇ ಇರಲಿ, ಒಂದೇ ಕಡೆ ಇದ್ದ ಗ್ರಂಥ ಹಲವು ಕಡೆ ಆದ ಮೇಲೆ ಅದು ನಾಶವಾಗುವ ಭಯ ತಪ್ಪಿತು. ಮೂಲ ಗರಿಗಳು ಇಂದಿಗೂ ಮೂಡುಬಿದಿರೆಯ ಹೆಮ್ಮೆ.

ಕ್ಲೌಡಿನಲ್ಲಿ ಇಂಥ ಪ್ರತಿ ತೆಗೆಯಲು ದಶಕಗಳು ಬೇಡ. ಸಣ್ಣ ಆ್ಯಪಿನ ಇಡೀ ದತ್ತಾಂಶ ಒಂದು ಫೈಲಾಗಿ ಪೆನ್‌ಡ್ರೈವಿಗೆ ಇಳಿಯುತ್ತದೆ. ಕೋಡ್ ಸ್ಪೇಸಸ್ ಮಾಡದಿದ್ದದ್ದು ಇದನ್ನೇ: ಪ್ರತಿಯನ್ನು ಆ ಖಾತೆಯ ಹೊರಗೆ ಇಡುವುದು.

ನಿಷ್ಕ್ರಿಯ ಅಡ್ಮಿನ್ನರ ಸಮಸ್ಯೆಯನ್ನು ಬಯಲಲ್ಲಿಟ್ಟು ಬಗೆಹರಿಸಿಕೊಂಡ ವ್ಯವಸ್ಥೆಯೊಂದು ಮುಂಡಾಜೆಯ ಮನೆಮಾತಿನಲ್ಲೇ ಇದೆ. ತುಳು ವಿಕಿಪೀಡಿಯ 2016ರ ಆಗಸ್ಟಿನಲ್ಲಿ ಸ್ವತಂತ್ರ ತಾಣವಾಯಿತು. ಅಂಥ ಸಣ್ಣ ವಿಕಿಗಳಲ್ಲಿ ಅಡ್ಮಿನ್ ಅಧಿಕಾರವನ್ನು ಸಾಮಾನ್ಯವಾಗಿ ಸ್ಟೀವರ್ಡ್ ಎಂಬ ಜಾಗತಿಕ ಸ್ವಯಂಸೇವಕರು ನಿರ್ದಿಷ್ಟ ಅವಧಿಗೆ ಕೊಡುತ್ತಾರೆ. ಆ ಸ್ಟೀವರ್ಡುಗಳನ್ನು ಸಮುದಾಯ ಪ್ರತಿವರ್ಷ ಚುನಾವಣೆ ನಡೆಸಿ ಆರಿಸುತ್ತದೆ. 2013ರಿಂದ ಇನ್ನೊಂದು ನಿಯಮವಿದೆ. ತಮ್ಮದೇ ನಿಯಮ ಮಾಡಿಕೊಳ್ಳದ ವಿಕಿಗಳಲ್ಲಿ ಎರಡು ವರ್ಷ ಏನೂ ಮಾಡದ ಅಡ್ಮಿನ್ನರಿಗೆ ನೋಟಿಸು ಹೋಗುತ್ತದೆ, ಆ ವಿಕಿಯ ಸಮುದಾಯಕ್ಕೂ ತಿಳಿಸಲಾಗುತ್ತದೆ, ಉತ್ತರ ಬಾರದಿದ್ದರೆ ಅಧಿಕಾರ ತೆಗೆಯಲಾಗುತ್ತದೆ. ಖಾತೆ ಅಳಿಯುವುದಿಲ್ಲ, ಬರೆದ ಲೇಖನಗಳು ಎಲ್ಲಿಗೂ ಹೋಗುವುದಿಲ್ಲ. ಮರಳಿ ಬಂದವರು ಸಮುದಾಯದ ಒಪ್ಪಿಗೆಯೊಂದಿಗೆ ಮತ್ತೆ ಕೇಳಬಹುದು. ಅರ್ಜಿ, ಚರ್ಚೆ, ತೀರ್ಮಾನ ಎಲ್ಲ ಯಾರು ಬೇಕಾದರೂ ಓದುವಂತೆ ಇರುತ್ತವೆ. ವ್ಯಾಪಾರಿ ಕ್ಲೌಡ್ ಕಂಪನಿಗಳು ಇಷ್ಟು ಬಹಿರಂಗವಾಗಿ ನಡೆಯಲಾರವು. ಆದರೂ ಅಧಿಕಾರ ಬೇರೆ, ವಿಷಯ ಬೇರೆ ಎಂಬ ಈ ವಿಂಗಡಣೆಯಿಂದ ಕಲಿಯಲು ಬಹಳವಿದೆ.

ಒಬ್ಬರ ಕೈಯಲ್ಲಿ ಎಲ್ಲ ಇರಬಾರದು, ಹಾಗೆಂದು ಎಲ್ಲರ ಕೈಗೂ ಸಿಗಬಾರದು. ಇದಕ್ಕೆ ಗಣಿತಜ್ಞ ಆದಿ ಶಮೀರ್ 1979ರಲ್ಲಿ ಕೊಟ್ಟ ಪರಿಹಾರ ಹೈಸ್ಕೂಲು ಗಣಿತದಷ್ಟು ಸರಳ. ರಹಸ್ಯ ಸಂಖ್ಯೆ 41 ಎಂದಿರಲಿ. ಗ್ರಾಫ್ ಹಾಳೆಯ ಲಂಬ ಅಕ್ಷದಲ್ಲಿ 41ರ ಮೇಲೆ ಒಂದು ಚುಕ್ಕೆ ಇಟ್ಟು, ಅಲ್ಲಿಂದ ಯಾವುದೋ ಓರೆಯಲ್ಲಿ ಗೆರೆ ಎಳೆಯಿರಿ; ಒಂದೊಂದು ಹೆಜ್ಜೆಗೆ 6 ಏರುವ ಗೆರೆ ಎನ್ನೋಣ. ಮೊದಲ ಹೆಜ್ಜೆಯಲ್ಲಿ ಗೆರೆ 47ರಲ್ಲಿ, ಎರಡನೆಯದರಲ್ಲಿ 53ರಲ್ಲಿ, ಮೂರನೆಯದರಲ್ಲಿ 59ರಲ್ಲಿ ಇರುತ್ತದೆ. ಈ ಮೂರು ಸಂಖ್ಯೆಗಳನ್ನು, ಯಾವುದು ಎಷ್ಟನೆಯ ಹೆಜ್ಜೆಯದು ಎಂಬುದರ ಸಮೇತ, ಮಂಡಲದ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಗೆ ಒಂದೊಂದಾಗಿ ಕೊಟ್ಟು ಮೂಲ ಹಾಳೆಯನ್ನು ಹರಿದುಹಾಕಿ. ಯಾರಾದರೂ ಇಬ್ಬರು ಸೇರಿದರೆ ಎರಡು ಚುಕ್ಕೆ ಸಿಕ್ಕವು; ಎರಡು ಚುಕ್ಕೆಗಳ ಮೂಲಕ ಹಾಯುವ ಸರಳರೇಖೆ ಒಂದೇ, ಅದನ್ನು ಹಿಂದಕ್ಕೆ ಎಳೆದರೆ 41 ಸಿಗುತ್ತದೆ. ಒಬ್ಬರ ಬಳಿ ಇರುವ ಒಂದೇ ಚುಕ್ಕೆಯ ಮೂಲಕ ಲೆಕ್ಕವಿಲ್ಲದಷ್ಟು ಗೆರೆ ಹಾಯುತ್ತವೆ, ರಹಸ್ಯ ಯಾವುದಾದರೂ ಆಗಿರಬಹುದು. ಮೂವರು ಸೇರಲೇಬೇಕು ಎಂದಾದರೆ ಸರಳರೇಖೆಯ ಬದಲು ಪ್ಯಾರಾಬೋಲಾ. ನಿಜವಾದ ಬಳಕೆಯಲ್ಲಿ ಸಂಖ್ಯೆಗಳು ಬೃಹತ್ತಾಗಿರುತ್ತವೆ, ಲೆಕ್ಕ ಶೇಷ ಗಣಿತದಲ್ಲಿ ನಡೆಯುತ್ತದೆ, ತತ್ವ ಮಾತ್ರ ಇದೇ.

ಇಂಟರ್ನೆಟ್ಟಿನ ಬುಡವೂ ಇಂಥದೇ ಹಂಚಿಕೆಯ ಮೇಲೆ ನಿಂತಿದೆ. ಮೇಲೆ ಹೇಳಿದ ಡಿಎನ್‌ಎಸ್ ದಫ್ತರದ ತಲೆಪುಟಕ್ಕೆ 2010ರಿಂದ ಡಿಜಿಟಲ್ ಸಹಿ ಬಿದ್ದಿದೆ. ಆ ಸಹಿಯ ಕೀಲಿ ಅಮೆರಿಕದ ಎರಡು ಭದ್ರ ಕೇಂದ್ರಗಳಲ್ಲಿದೆ. ಎರಡೂ ನಾಶವಾದರೆ ಕೀಲಿಯನ್ನು ಮತ್ತೆ ಕಟ್ಟಲು ನೆರವಾಗುವ ಪಾಲುಗಳನ್ನು ಮೊದಲಿಗೆ ಏಳು ದೇಶಗಳ ಏಳು ಮಂದಿಗೆ ಒಪ್ಪಿಸಲಾಯಿತು. ಅವರಲ್ಲಿ ಐವರು ಸೇರಿದರೆ ಸಾಕು. ಇಷ್ಟೆಲ್ಲ ಮುಂಜಾಗ್ರತೆಯ ನಡುವೆಯೂ 2020ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಕೇಂದ್ರದ ತಿಜೋರಿಯ ಬೀಗ ಕೆಟ್ಟು, ನಿಗದಿಯಾಗಿದ್ದ ಸಹಿ ಸಮಾರಂಭ ಮುಂದಕ್ಕೆ ಹೋಯಿತು. ಕೊನೆಗೆ ಬೀಗ ರಿಪೇರಿಯವರನ್ನು ಕರೆಸಿ ಕೊರೆಯಬೇಕಾಯಿತು. ಹಂಚಿಕೊಂಡ ಅಧಿಕಾರವಿದ್ದದ್ದರಿಂದ, ಮುಂಚಿತವಾಗಿ ಸಹಿ ಮಾಡಿಟ್ಟ ದಾಖಲೆಗಳಿದ್ದದ್ದರಿಂದ, ಜಗತ್ತಿನ ಇಂಟರ್ನೆಟ್ ಬಳಕೆಗೆ ಏನೂ ಅಡ್ಡಿಯಾಗಲಿಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ದಕ್ಷಿಣ ಕನ್ನಡದ ಯಾವುದೇ ಸಹಕಾರಿ ಸಂಘದ ಬ್ಯಾಂಕ್ ಖಾತೆಯನ್ನು ನೋಡಿ. ಚೆಕ್ಕಿಗೆ ಸಾಮಾನ್ಯವಾಗಿ ಇಬ್ಬರ ಸಹಿ ಬೇಕು. ಪದಾಧಿಕಾರಿ ಬದಲಾದರೆ ಸಭೆ ಸೇರಿ, ನಿರ್ಣಯ ಬರೆದು, ಅದರ ಪ್ರತಿಯನ್ನು ಬ್ಯಾಂಕಿಗೆ ಕೊಟ್ಟರೆ ಹಳೆಯ ಸಹಿ ಹೋಗಿ ಹೊಸ ಸಹಿ ಬರುತ್ತದೆ. ಹಣದ ವಿಷಯದಲ್ಲಿ ಇಷ್ಟು ಶಿಸ್ತಿರುವ ಅದೇ ಸಂಘಗಳು ತಮ್ಮ ಜಾಲತಾಣ, ಇಮೇಲ್, ಆ್ಯಪುಗಳನ್ನು ‘ಆ ಹುಡುಗ ನೋಡಿಕೊಳ್ಳುತ್ತಾನೆ’ ಎಂದು ಬಿಟ್ಟುಬಿಡುತ್ತವೆ. ಆ ಹುಡುಗನ ಪ್ರಾಮಾಣಿಕತೆಯಲ್ಲಿ ಲೋಪವಿಲ್ಲ. ನಿರ್ಣಯ ಪುಸ್ತಕದಲ್ಲಿ ಅವನ ಹೆಸರಿಲ್ಲ, ಅಷ್ಟೇ.

ಮಾಡಬೇಕಾದದ್ದು ದೊಡ್ಡದಲ್ಲ. ಮೈಕ್ರೊಸಾಫ್ಟ್ ತನ್ನ ಗ್ರಾಹಕರಿಗೆ ಕೊಡುವ ಸಲಹೆಯೆಂದರೆ ದಿನನಿತ್ಯ ಬಳಸದ ಎರಡು ತುರ್ತು ಅಡ್ಮಿನ್ ಖಾತೆಗಳನ್ನು ಯಾವ ವ್ಯಕ್ತಿಯ ಫೋನಿಗೂ ಕಟ್ಟದೆ ಇಟ್ಟುಕೊಳ್ಳುವುದು. ಹಳ್ಳಿಯ ಮಂಡಲಕ್ಕೆ ಅದರ ಸರಳ ರೂಪ ಸಾಕು: ಸಂಘದ ಹೆಸರಿನ ಇಮೇಲ್, ಇಬ್ಬರು ಅಡ್ಮಿನ್, ಸಂಘದ ಹೆಸರಲ್ಲೇ ಕೊಂಡ ಡೊಮೇನ್, ಲಕೋಟೆಯಲ್ಲಿ ಮುಚ್ಚಿ ಕಪಾಟಿನಲ್ಲಿಟ್ಟ ಬ್ಯಾಕಪ್ ಕೋಡುಗಳು. ಡೊಮೇನಿನ ನವೀಕರಣ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಬೇಕು. ಆ್ಯಂಡ್ರಾಯ್ಡ್ ಆ್ಯಪ್ ಇದ್ದರೆ ಅದರ ಸಹಿ ಕೀಲಿಯ ಫೈಲೂ ಕಪಾಟಿಗೆ ಸೇರಬೇಕು. ಗೂಗಲ್ ಪ್ಲೇ ಆ ಕೀಲಿಯನ್ನು ತಾನೇ ಕಾಯುವ ಪದ್ಧತಿ 2017ರಲ್ಲಿ ಬಂದು, ಹೊಸ ಆ್ಯಪುಗಳಿಗೆ 2021ರ ಆಗಸ್ಟಿನಿಂದ ಕಡ್ಡಾಯವಾಯಿತು; ಆದರೆ ಅದಕ್ಕೂ ಹಳೆಯ ಆ್ಯಪುಗಳಲ್ಲಿ ಹಲವು ಇಂದಿಗೂ ಮಾಡಿದವರ ಲ್ಯಾಪ್‌ಟಾಪಿನ ಕೀಲಿಯನ್ನೇ ನಂಬಿವೆ. ಒಬ್ಬರೇ ಖಾತೆ ನಡೆಸುವವರು ಗೂಗಲ್‌ನ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ನಲ್ಲಿ ನಂಬಿಕಸ್ತರೊಬ್ಬರ ಹೆಸರು ಕೊಡಬಹುದು, 2013ರಿಂದಲೂ ಆ ಸೌಲಭ್ಯವಿದೆ. ತಾನು ತೀರಿಕೊಂಡರೆ ಅಥವಾ ಅಶಕ್ತನಾದರೆ ತನ್ನ ದತ್ತಾಂಶದ ಹಕ್ಕುಗಳನ್ನು ಚಲಾಯಿಸಲು ಇನ್ನೊಬ್ಬರನ್ನು ನೇಮಿಸುವ ಹಕ್ಕನ್ನು ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪಠ್ಯವೂ ಒಳಗೊಂಡಿದೆ.

2019ರ ಆಗಸ್ಟಿನ ನೆರೆಯಲ್ಲಿ ಮುಂಡಾಜೆ ಇರುವ ಬೆಳ್ತಂಗಡಿ ತಾಲೂಕಿನ ಹಲವು ಮನೆ, ತೋಟಗಳು ಕೊಚ್ಚಿಹೋದವು, ಚಾರ್ಮಾಡಿ ಘಾಟಿಯ ರಸ್ತೆ ಕುಸಿದು ಸಂಚಾರ ನಿಂತಿತು. ಅಂಥ ದಿನಗಳಲ್ಲಿ ಊರಿಗೆ ಬೇಕಾಗುವುದು ರಕ್ತದಾನಿಗಳ ಪಟ್ಟಿ, ಯಾರ ಮನೆಯಲ್ಲಿ ಎಷ್ಟು ಜನ ಎಂಬ ಲೆಕ್ಕ, ಎಲ್ಲರಿಗೂ ಒಮ್ಮೆಗೇ ತಲುಪುವ ಒಂದು ಸಂದೇಶ. ನಿಮ್ಮ ಊರಿನ ಸಂಘ, ಶಾಲೆ, ದೇವಸ್ಥಾನ ಅಥವಾ ಹಾಲಿನ ಸೊಸೈಟಿಯ ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮ ಖಾತೆಯ ಒಟಿಪಿ ಈಗ ಯಾರ ಫೋನಿಗೆ ಬರುತ್ತಿದೆ? ಉತ್ತರವಾಗಿ ಒಂದೇ ಹೆಸರು ಬಂದರೆ ಅದೇ ಸಭೆಯಲ್ಲಿ ಎರಡನೆಯ ಹೆಸರು ಸೇರಿಸಿ, ನಿರ್ಣಯ ಪುಸ್ತಕದಲ್ಲಿ ಬರೆಸಿ.